ಹತ್ತನೆಯ ಪ್ರಶ್ನೆ

ಕನ್ನಡದಲ್ಲಿ ಸಂಖ್ಯಾಶಾಸ್ತ್ರವೆಂಬ ಒಂದೇ ಹೆಸರು ಎರಡು ವಿದ್ಯೆಗಳಿಗೆ ಸಲ್ಲುತ್ತಿರುವುದು ಒಂದು ವಿನೋದ. ಹೆಸರಿನ ಅಕ್ಷರಗಳನ್ನು ಕೂಡಿಸಿ ಅದೃಷ್ಟವನ್ನು ಹೇಳುವುದೂ ಸಂಖ್ಯಾಶಾಸ್ತ್ರವೇ. ಅಂಕಿ ಅಂಶಗಳನ್ನು ಕಲೆಹಾಕಿ ಲೋಕಸ್ಥಿತಿಯನ್ನು ಹೇಳುವುದೂ ಸಂಖ್ಯಾಶಾಸ್ತ್ರವೇ. ಕಳೆದ ಬೇಸಿಗೆಯ ರಜೆಯಲ್ಲಿ ನಾನು ಎರಡನೆಯದರ ಮೇಲಣ ಪುಸ್ತಕವೊಂದನ್ನು ಓದುತ್ತಿರುವೆನೆಂದು ತಾಳವಾಡಿಯ ಉಪಾಧ್ಯಾಯ ಮಿತ್ರರೊಬ್ಬರಿಗೆ ಬರೆದಿದ್ದೆನು. ಅವರು ಮರುಟಪಾಲಿನಲ್ಲಿಯೇ, ತಮ್ಮ ಮಗಳ ಹೆಸರಿಗೆ ಇನ್ನೊಂದು ಅಕ್ಷರವನ್ನು ಸೇರಿಸಿದರೆ ಪರೀಕ್ಷೆಯಲ್ಲಿ ಒಳ್ಳೆಯದಾಗುವುದೇ ಎಂದು ಕೇಳಿದರು. ನಾನು ನಕ್ಕೆನು. ಆದರೆ ನಗು ನಿಂತ ಮೇಲೆ ಒಂದು ಸಂದೇಹ ಬಂದಿತು: ಅಂಕಿಯನ್ನು ಕಂಡೊಡನೆ ತಲೆಬಾಗುವ ನಮ್ಮ ಅಭ್ಯಾಸದಲ್ಲಿ ಈ ಎರಡು ವಿದ್ಯೆಗಳ ಭಕ್ತರಿಗೂ ಅಷ್ಟೇನೂ ವ್ಯತ್ಯಾಸವಿಲ್ಲವಲ್ಲವೆ?

ಸಂಘದ ಸಂಪಾದಕರು ಲೇಖನವನ್ನು ಕೇಳಿದಾಗ ಈ ಸಂದೇಹವನ್ನೇ ಬರೆಯೋಣವೆನಿಸಿತು. ಮೊದಲು ನನ್ನ ವಿಷಯವಾಗಿ ಎರಡು ಮಾತು. ನಾನು ತೇನಿ ಜಿಲ್ಲೆಯ ಕಂಬಂ ಕಣಿವೆಯವನು. ಪಡುವಲಿಗೆ ಏಲಕ್ಕಿಯ ಮಲೆ, ಮೂಡಲಿಗೆ ಮೇಘಮಲೆ, ನಡುವೆ ಗದ್ದೆ, ತೆಂಗು, ದ್ರಾಕ್ಷಿಯ ಚಪ್ಪರ. ಈ ಕಣಿವೆಯಲ್ಲಿ ಕಾಪ್ಪಿಲಿಯರೆಂದೂ ಒಕ್ಕಲಿಗರೆಂದೂ ಕರೆಯಿಸಿಕೊಳ್ಳುವ ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಕನ್ನಡವೇ ಒಲೆಯ ಬಳಿಯ ಮಾತು. ನಾನು ಓದಿದ್ದು ತಮಿಳಿನಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಈಗ ಕಲಿಸುತ್ತಿರುವುದೂ ತಮಿಳಿನಲ್ಲಿಯೇ. ಕನ್ನಡದ ಅಕ್ಷರಗಳನ್ನು ಬೆಳೆದ ಮೇಲೆ, ಉಪಾಧ್ಯಾಯ ತರಬೇತಿಯ ಪ್ರಮಾಣಪತ್ರ ಕೈಗೆ ಬಂದ ಅನಂತರ, ಹಿರಿಯರೊಬ್ಬರ ಜಗಲಿಯಲ್ಲಿ ಕುಳಿತು ಕಲಿತೆನು. ಮಾತು ಮನೆಯದು, ಬರಹ ಪುಸ್ತಕದ್ದು. ಆದುದರಿಂದ ನನ್ನ ವಾಕ್ಯಗಳಲ್ಲಿ ಪುಸ್ತಕದ ಬಿಗುಮಾನ ಕಂಡರೆ ಹೊಸೂರು, ತಾಳವಾಡಿಗಳ ಕನ್ನಡ ಮಾಧ್ಯಮದ ಸಹೋದ್ಯೋಗಿಗಳು ಕ್ಷಮಿಸಬೇಕು.

ಸಂಖ್ಯಾಶಾಸ್ತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಮ್ಮ ದೇಶದಲ್ಲಿ ಪ್ರಶಾಂತಚಂದ್ರ ಮಹಲನೋಬಿಸರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯಲ್ಲಿ ಬೆಳೆದು ಲೋಕಪ್ರಸಿದ್ಧರಾದ ಸಿ. ಆರ್. ರಾಯರು ಹುಟ್ಟಿದುದು 1920ರಲ್ಲಿ, ನಮ್ಮ ಬಳ್ಳಾರಿ ಸೀಮೆಯ ಹೂವಿನಹಡಗಲಿಯಲ್ಲಿ. ಒಂದು ಮುಷ್ಟಿ ಅಕ್ಕಿಯನ್ನು ನೋಡಿ ಮೂಟೆಯ ಗುಣವನ್ನು ಹೇಳುವ ವರ್ತಕನ ಜಾಣ್ಮೆಗೆ ಇಂತಹವರು ಶಾಸ್ತ್ರದ ತಳಹದಿಯನ್ನು ಕೊಟ್ಟರು. ಹೇಳಿದ ಮಾತಿನಲ್ಲಿ ಎಷ್ಟು ತಪ್ಪಿರಬಹುದೆಂಬುದನ್ನೂ ಅಳೆಯುವ ಮಾರ್ಗವನ್ನು ತೋರಿಸಿದರು. ತನ್ನ ತಪ್ಪನ್ನು ತಾನೇ ಅಳೆಯುವ ವಿದ್ಯೆ ಸಾಮಾನ್ಯವಾದುದಲ್ಲ. ನಮ್ಮ ಕಣಿವೆಯವರೂ ಅಂಕಿಗಳನ್ನು ತಿರಸ್ಕರಿಸುವವರಲ್ಲ. 1895ರಲ್ಲಿ ಪೆರಿಯಾರಿನ ಅಣೆಕಟ್ಟು ಮುಗಿದು, ಪಡುವಲಿಗೆ ಹರಿಯುತ್ತಿದ್ದ ನೀರು ಬೆಟ್ಟವನ್ನು ಕೊರೆದ ಸುರಂಗದಿಂದ ನಮ್ಮ ಕಡೆಗೆ ತಿರುಗಿದಂದಿನಿಂದ, 'ಅಣೆಯಲ್ಲಿ ನೀರು ಎಷ್ಟು ಅಡಿ?' ಎಂಬುದೇ ಇಲ್ಲಿಯ ಕುಶಲಪ್ರಶ್ನೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು 142 ಅಡಿಯವರೆಗೆ ನೀರನ್ನು ನಿಲ್ಲಿಸಬಹುದೆಂದು ತೀರ್ಪಿತ್ತಾಗ ಓದು ಬಾರದ ರೈತನಿಗೂ ಆ ಅಂಕಿ ಬಾಯಿಪಾಠವಾಯಿತು.

ಆದರೂ ಪ್ರತಿಯೊಂದು ಶಾಸ್ತ್ರಕ್ಕೂ ಒಂದು ಎಲ್ಲೆಯುಂಟು. ತರಬೇತಿಯ ಕಾಲದಲ್ಲಿ ನಮಗೆ ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಕಲಿಸಿದರು. ಎಲ್ಲೆಯನ್ನು ಮಾತ್ರ ಕಲಿಸಲಿಲ್ಲ. ಅದನ್ನು ತರಗತಿಯಲ್ಲಿ ಮಕ್ಕಳೇ ಕಲಿಸಿದರು. ಹತ್ತು ಮಕ್ಕಳಲ್ಲಿ ಐವರು ತಲಾ 90 ಅಂಕಗಳನ್ನೂ ಐವರು ತಲಾ 10 ಅಂಕಗಳನ್ನೂ ಪಡೆದರೆ ಸರಾಸರಿ 50. ಮೇಲಧಿಕಾರಿಗಳಿಗೆ ಕಳುಹಿಸುವ ತಖ್ತೆಯಲ್ಲಿ ಈ 50 ಸಾಧಾರಣವಾದ, ಚಿಂತೆಗೆ ಕಾರಣವಿಲ್ಲದ ಅಂಕಿ. ಆದರೆ 50 ಅಂಕಗಳ ಮಗು ತರಗತಿಯ ಯಾವ ಮಣೆಯ ಮೇಲೂ ಕುಳಿತಿಲ್ಲ. ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಖಗೋಳಶಾಸ್ತ್ರಜ್ಞನು 1835ರಲ್ಲಿ 'ಸರಾಸರಿ ಮನುಷ್ಯ'ನೆಂಬ ಕಲ್ಪನೆಯನ್ನು ಲೋಕದ ಮುಂದಿಟ್ಟನು. ಕಲ್ಪನೆ ಉಪಯುಕ್ತವಾದುದೇ, ಆದರೆ ಆ ಮನುಷ್ಯನನ್ನು ಯಾರೂ ಬೀದಿಯಲ್ಲಿ ಕಂಡಿಲ್ಲ. ನಾವು ಉಪಾಧ್ಯಾಯರು ಪಾಠ ಹೇಳಬೇಕಾದುದು ಬೀದಿಯಲ್ಲಿ ಕಾಣುವವರಿಗೆ.

ಒಂದು ಮಳೆಗಾಲದಲ್ಲಿ ನಾನು ಇನ್ನೊಂದು ಲೆಕ್ಕವನ್ನು ಮಾಡಿದೆನು. ಕೊಡೆಯನ್ನು ತರುವ ಮಕ್ಕಳ ಅಂಕಗಳನ್ನೂ ತಾರದ ಮಕ್ಕಳ ಅಂಕಗಳನ್ನೂ ಬೇರೆ ಬೇರೆ ಬರೆದು ನೋಡಿದರೆ, ಕೊಡೆಯವರದೇ ಮೇಲುಗೈ. ಹಾಗಾದರೆ ಕೊಡೆಯಿಂದ ವಿದ್ಯೆ ಬರುವುದೆ? ಕೊಡೆಯನ್ನು ಕೊಳ್ಳಬಲ್ಲ ಮನೆಯಲ್ಲಿ ದೀಪವೂ ಉಂಟು, ಪುಸ್ತಕವೂ ಉಂಟು, ಸಂಜೆ ಪಕ್ಕದಲ್ಲಿ ಕುಳಿತುಕೊಳ್ಳುವ ತಾಯಿಯೂ ಉಂಟು. ಕೊಡೆಯಿಲ್ಲದ ಮಗುವಿನ ತಾಯಿ ಏಲಕ್ಕಿಯ ಕೊಯ್ಲಿನ ತಿಂಗಳುಗಳಲ್ಲಿ ಬೆಳಗಿನ ಜಾವವೇ ಜೀಪನ್ನು ಹತ್ತಿ ಕೇರಳದ ಮಲೆಯ ತೋಟಗಳಿಗೆ ಕೂಲಿಗೆ ಹೋಗಿ, ಕತ್ತಲಾದ ಮೇಲೆ ಮರಳುವಳು. ಎರಡು ಸಂಗತಿಗಳು ಕೈಹಿಡಿದು ನಡೆಯುವುವೆಂದು ಅಂಕಿ ಹೇಳಬಲ್ಲುದು. ಅವೆರಡನ್ನೂ ಹಿಂದಿನಿಂದ ನಡೆಸುತ್ತಿರುವವರು ಯಾರೆಂಬುದನ್ನು ನಾವೇ ಹೋಗಿ ನೋಡಬೇಕು.

ಇವೆಲ್ಲ ಪುಸ್ತಕಗಳಲ್ಲಿಯೂ ಸಿಕ್ಕುವ ಮಾತುಗಳು. ನಾನು ಹೇಳಬೇಕೆಂದಿರುವುದು ನನ್ನ ಅಜ್ಜಿಯ ಸಂಗತಿಯನ್ನು.

ನಮ್ಮ ಕಡೆಯವರಿಗೂ ದನಗಳಿಗೂ ಇರುವ ನಂಟು ದೊಡ್ಡದು. ಕಂಬಮ್ಮಿನಲ್ಲಿ ದೇವರ ಹೆಸರಿಗೆ ಬಿಟ್ಟ ಮಂದೆಯೊಂದಿದೆ. ತಮಿಳಿನಲ್ಲಿ ಅದಕ್ಕೆ 'ತಂಬಿರಾನ್ ಮಾಡು' ಎಂದು ಹೆಸರು. ಎಡ್ಗರ್ ಥರ್ಸ್ಟನ್ನನು ದಕ್ಷಿಣ ಭಾರತದ ಜಾತಿಗಳನ್ನು ಕುರಿತು 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮಂದೆಯ ವಿಷಯ ಬಂದಿದೆ. ಅದರ ಕನ್ನಡದ ಹೆಸರು 'ದೇವರ ಆವು' ಎಂದೂ, ಮಂದೆಯ ಅರಸುಗೂಳಿಯನ್ನು ಆರಿಸುವಾಗ ಮುಂದೆ ಕಬ್ಬನ್ನು ಇಡುವರೆಂದೂ ಅಲ್ಲಿ ಬರೆದಿದೆ. ಅಂತಹ ಸೀಮೆಯಲ್ಲಿ ಹುಟ್ಟಿದ ನನ್ನ ಅಜ್ಜಿಗೆ ಓದು ಬಾರದು, ನೂರರ ಮೇಲೆ ಎಣಿಕೆಯೂ ಬಾರದು. ಏಳು ವರ್ಷ ತುಂಬಿದವರು ಯಾವುದಾದರೊಂದು ಭಾಷೆಯಲ್ಲಿ ತಿಳಿದು ಓದಲೂ ಬರೆಯಲೂ ಬಲ್ಲರೆ ಅವರು ಸಾಕ್ಷರರು ಎಂಬುದು ಜನಗಣತಿಯ ಲಕ್ಷಣ. ಆ ಲಕ್ಷಣದಂತೆ ಅಜ್ಜಿ ಬದುಕಿದ್ದಷ್ಟು ದಿನವೂ ನಿರಕ್ಷರಿ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಮೇವಿನಿಂದ ಮರಳಿದ ದನಗಳನ್ನು ಕೊಟ್ಟಿಗೆಗೆ ಕೂಡುವ ಕೆಲಸ ನನ್ನ ಪಾಲಿಗೆ ಬಂದಿತು. ನಮ್ಮ ಮನೆಯಲ್ಲಿ ಆಗ ಹನ್ನೊಂದು ದನಗಳಿದ್ದುವು. ನಾನು ಬಾಗಿಲಲ್ಲಿ ನಿಂತು ಒಂದೊಂದಾಗಿ ಎಣಿಸಿ, ಹನ್ನೊಂದೂ ಬಂದುವೆಂದು ಅಗಣಿಯನ್ನು ಹಾಕಿದೆನು. ಅಜ್ಜಿ ಮೇವನ್ನು ಹಿಡಿದುಕೊಂಡು ಬಂದವಳು ಒಳಗೆ ಒಮ್ಮೆ ಕಣ್ಣಾಡಿಸಿ, "ಕೊಂಬುಮುರುಕಿ ಎಲ್ಲೋ?" ಎಂದಳು.

"ಎಲ್ಲಾ ಬಂದವೆ, ಅಜ್ಜಿ. ಹನ್ನೊಂದು ಎಣಿಸಿದೆ" ಎಂದೆನು.

"ಎಣಿಸಿದ್ದು ಇರಲಿ. ಆ ಮೂಲೇಲಿ ನಿಂತಿರೋದು ಯಾರ ಮನೆ ಹಸು?"

ನೋಡಿದರೆ ನೆರೆಮನೆಯ ಹಸುವೊಂದು ನಮ್ಮ ಮಂದೆಯೊಡನೆ ಬಂದು ಸೇರಿಕೊಂಡಿತ್ತು. ನಮ್ಮದು ಹಳ್ಳದ ಕಡೆ ಉಳಿದುಹೋಗಿತ್ತು. ನನ್ನ ಲೆಕ್ಕ ಸರಿಯಾಗಿತ್ತು, ಕೊಟ್ಟಿಗೆ ಸರಿಯಾಗಿರಲಿಲ್ಲ. ಕೊಂಬುಮುರುಕಿಯನ್ನು ಹುಡುಕಿ ತರುವ ಹೊತ್ತಿಗೆ ರಾತ್ರಿಯಾಯಿತು. ಎಷ್ಟು ಎಂಬುದಕ್ಕೂ ಯಾರು ಎಂಬುದಕ್ಕೂ ಇರುವ ಅಂತರವನ್ನು ಅಂದು ನನಗೆ ತೋರಿಸಿಕೊಟ್ಟವಳು ಆ ನಿರಕ್ಷರಿ.

ಇನ್ನು ಹದಿನಾಲ್ಕು ವರ್ಷ ಮುಂದಕ್ಕೆ ಬರೋಣ. 2011ರ ಫೆಬ್ರವರಿ. ನನಗೆ ಇಪ್ಪತ್ತಮೂರು ವರ್ಷ; ಕೆಲಸ ಹೊಸದು, ಉತ್ಸಾಹವೂ ಹೊಸದು. ಇತರ ಉಪಾಧ್ಯಾಯರಂತೆ ನನ್ನನ್ನೂ ಜನಗಣತಿಗೆ ನೇಮಿಸಿದರು. ಫೆಬ್ರವರಿ 9ರಿಂದ 28ರವರೆಗೆ ಮನೆ ಮನೆಗೂ ಹೋಗಿ ಒಬ್ಬೊಬ್ಬರ ವಿಷಯವಾಗಿ 29 ಪ್ರಶ್ನೆಗಳನ್ನು ಕೇಳಬೇಕು. ಅವುಗಳಲ್ಲಿ ಹತ್ತನೆಯ ಪ್ರಶ್ನೆ ಮಾತೃಭಾಷೆ. ಹನ್ನೊಂದನೆಯದು ತಿಳಿದಿರುವ ಇತರ ಭಾಷೆಗಳು, ಎರಡಕ್ಕೆ ಮೀರದಂತೆ. ಬಾಲ್ಯದಲ್ಲಿ ತಾಯಿ ಆಡಿದ ಭಾಷೆಯೇ ಮಾತೃಭಾಷೆ. ತಾಯಿ ಶೈಶವದಲ್ಲಿಯೇ ತೀರಿಕೊಂಡಿದ್ದರೆ ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಒಂದು ಮನೆಯವರದೆಲ್ಲ ಒಂದೇ ಭಾಷೆಯೆಂದು ಭಾವಿಸದೆ ಒಬ್ಬೊಬ್ಬರನ್ನೂ ವಿಚಾರಿಸಬೇಕೆಂದು ಸೂಚನೆಯೂ ಇತ್ತು. ಸೂಚನೆ ನಿರ್ದುಷ್ಟವಾಗಿತ್ತು. ಬೀದಿಗಿಳಿದ ಮೇಲೆ ಅದರ ಕಷ್ಟ ತಿಳಿಯಿತು. ಯಜಮಾನನು ಹಜಾರದಲ್ಲಿ ಕುಳಿತು ಎಲ್ಲರ ಪರವಾಗಿಯೂ ಉತ್ತರ ಹೇಳುವನು. ಹೆಂಗಸರು ಒಳಗಿರುವರು, ಇಲ್ಲವೆ ಕೂಲಿಗೆ ಹೋಗಿರುವರು. 'ಭಾಷೆ ಯಾವುದು?' ಎಂದರೆ, 'ಓದು ಬರಹವೆಲ್ಲ ತಮಿಳು. ಮನೆಯಲ್ಲಿ ಏನೋ ನಮ್ಮ ಮಾತು' ಎನ್ನುವರು. ಕೆಲವರು ಜಾತಿಯ ಹೆಸರನ್ನೇ ಭಾಷೆಯ ಹೆಸರಾಗಿ ಹೇಳುವರು. ಒಬ್ಬ ತಾಯಿ, "ನನ್ನವ್ವ ನನ್ನ ಕೂಡ ಕನ್ನಡ ಆಡಿದಳು, ನಾನು ನನ್ನ ಮಕ್ಕಳ ಕೂಡ ತಮಿಳು ಆಡುತ್ತೇನೆ. ಬೈಯುವಾಗ ಮಾತ್ರ ಕನ್ನಡ. ಏನು ಬರೆಯುತ್ತೀರಿ, ಸಾರ್?" ಎಂದು ಕೇಳಿದಳು. ಉತ್ತರಕ್ಕೆ ಇದ್ದುದು ಒಂದೇ ಮನೆ. ಅವಳ ಬದುಕಿನಲ್ಲಿ ಇದ್ದುದು ಎರಡು ಭಾಷೆ.

ನನ್ನ ಪಾಲಿನ ಬೀದಿಗಳಲ್ಲಿ ನಮ್ಮ ಮನೆಯೂ ಇತ್ತು. ಅದನ್ನು ಕಡೆಗೆ ಇಟ್ಟುಕೊಂಡಿದ್ದೆನು. ಒಂದು ರಾತ್ರಿ ಊಟವಾದ ಮೇಲೆ ಹಜಾರದಲ್ಲಿ ಕುಳಿತು ಬರೆಯತೊಡಗಿದೆನು: ಅಜ್ಜಿ, ಅಪ್ಪ, ಅಮ್ಮ, ನಾನು, ತಮ್ಮ, ತಂಗಿ, ಒಟ್ಟು ಆರು ಮಂದಿ. ಹತ್ತನೆಯ ಪ್ರಶ್ನೆ ಬಂದಿತು. ಅಪ್ಪ, "ಎಲ್ಲರಿಗೂ ತಮಿಳು ಎಂದೇ ಬರಿ. ಶಾಲೆ, ರೇಷನ್ ಕಾರ್ಡು, ನಿನ್ನ ಕೆಲಸ ಎಲ್ಲಾ ಅದರಲ್ಲೇ ಅಲ್ಲವಾ? ಒಂದೊಂದಕ್ಕೆ ಒಂದೊಂದು ಬರೆದು ನಾಳೆ ಏನಾದರೂ ಗೊಂದಲ ಆದೀತು" ಎಂದರು. ಗೊಂದಲವೇನೂ ಆಗುವಂತಿರಲಿಲ್ಲ. ನಾನು ಕಲಿತ ಸೂಚನೆಯನ್ನು ಹೇಳಬಹುದಾಗಿತ್ತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಜ್ಜಿಯನ್ನು ಕೇಳಬಹುದಾಗಿತ್ತು. ಆದರೆ ಇಪ್ಪತ್ತು ದಿನ ನಡೆದ ಕಾಲು ನೋಯುತ್ತಿತ್ತು. ಅಪ್ಪನಿಗೆ ಎದುರಾಡುವ ಮನಸ್ಸೂ ಇರಲಿಲ್ಲ. ಆರು ಹೆಸರುಗಳ ಎದುರಿಗೂ ತಮಿಳು ಎಂದು ಬರೆದೆನು. ಹನ್ನೊಂದನೆಯ ಪ್ರಶ್ನೆಯಲ್ಲಾದರೂ ಕನ್ನಡವನ್ನು ಬರೆದೆನೆ? ನನಗೂ ತಮ್ಮನಿಗೂ ತಂಗಿಗೂ ಇಂಗ್ಲಿಷ್ ಎಂದು ಬರೆದೆನು. ಅಜ್ಜಿಯ ಎದುರಿಗೆ ಖಾಲಿ ಬಿಟ್ಟೆನು. ಒಟ್ಟು ಆರು, ಲೆಕ್ಕ ಸರಿಯಾಗಿತ್ತು. ಅಗಣಿಯನ್ನು ಹಾಕಿದೆನು.

ಬೆಳಗ್ಗೆ ಅಜ್ಜಿ, "ಊರೆಲ್ಲಾ ಬರೆದೆಯಲ್ಲ, ನನ್ನನ್ನೂ ಬರೆದೆಯೇನೋ?" ಎಂದು ಕೇಳಿದಳು. "ಬರೆದೆ, ಅಜ್ಜಿ" ಎಂದೆನು. ಅವಳು ಸಂತೋಷಪಟ್ಟಳು. 2013ರಲ್ಲಿ ಅಜ್ಜಿ ತೀರಿಕೊಂಡಳು.

2011ರ ಭಾಷೆಗಳ ತಖ್ತೆಗಳು 2018ರಲ್ಲಿ ಪ್ರಕಟವಾದುವು. ಆ ವೇಳೆಗೆ ನನಗೆ ಕನ್ನಡವನ್ನು ಓದಲು ಬರುತ್ತಿತ್ತು. ಭಾರತದಲ್ಲಿ ಕನ್ನಡಿಗರ ಸಂಖ್ಯೆ 4,37,06,512 ಎಂದಿತ್ತು. ಕಡೆಯ ಎರಡು ಎಂಬ ಅಂಕಿಯವರೆಗೂ ಎಷ್ಟು ಖಚಿತ! ಆ ಖಚಿತತೆಯೇ ನನ್ನನ್ನು ಚುಚ್ಚಿತು; ಏಕೆಂದರೆ ಅದು ತಪ್ಪೆಂದು ಬಲ್ಲವನು ನಾನೊಬ್ಬನಾದರೂ ಇದ್ದೆನು.

'ಕೋಟಿಗಟ್ಟಲೆ ಲೆಕ್ಕದಲ್ಲಿ ನಿನ್ನ ಅಜ್ಜಿಯೊಬ್ಬಳು ತಪ್ಪಿಹೋದರೆ ಏನಾಯಿತು?' ಎಂದು ಓದುಗರು ಕೇಳಬಹುದು. ಶಾಸ್ತ್ರಜ್ಞರೂ ಹಾಗೆಯೇ ಸಮಾಧಾನ ಹೇಳುವರು: ಒಬ್ಬನು ಹೆಚ್ಚು ಬರೆದರೆ ಇನ್ನೊಬ್ಬನು ಕಡಿಮೆ ಬರೆಯುವನು, ದೊಡ್ಡ ಮೊತ್ತದಲ್ಲಿ ತಪ್ಪುಗಳು ಒಂದನ್ನೊಂದು ಹೊಡೆದುಹಾಕುವುವು. ಈ ಮಾತು ನಿಜ, ಆದರೆ ತಪ್ಪುಗಳು ಎರಡು ಕಡೆಗೂ ಸಮನಾಗಿ ಬೀಳುವಾಗ ಮಾತ್ರ. ನಮ್ಮ ಬೀದಿಯಲ್ಲಿ ಕನ್ನಡದವರು ತಮಿಳೆಂದು ಬರೆಸಿದರೇ ಹೊರತು ತಮಿಳರು ಯಾರೂ ಕನ್ನಡವೆಂದು ಬರೆಸಲಿಲ್ಲ. ತಕ್ಕಡಿಯ ಒಂದು ತಟ್ಟೆಯ ಕೆಳಗೆ ಅಂಟಿದ ಹುಣಿಸೆಹಣ್ಣು ನೂರು ಸಲ ತೂಗಿದರೂ ತಾನಾಗಿ ಬೀಳುವುದಿಲ್ಲ. ತೂಗಿದಷ್ಟೂ ನಷ್ಟ ಕೂಡುತ್ತ ಹೋಗುವುದು. ಲೆಕ್ಕ ದೊಡ್ಡದಾದ ಮಾತ್ರಕ್ಕೆ ಓರೆ ನೆಟ್ಟಗಾಗುವುದಿಲ್ಲವೆಂಬುದನ್ನು ಉತ್ತಮ ಸಂಖ್ಯಾಶಾಸ್ತ್ರಜ್ಞರೇ ಒಪ್ಪುವರು. ಆ ಓರೆ ಎಷ್ಟೆಂಬುದನ್ನು ಮಾತ್ರ ತಖ್ತೆಯನ್ನು ನೋಡಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಹಜಾರದಲ್ಲಿ ಕುಳಿತಿದ್ದವನನ್ನೇ ಕೇಳಬೇಕು.

ಇದು ಬರೆಯುವವನ ತಪ್ಪಾಯಿತು. ತಪ್ಪಿಲ್ಲದೆ ಬರೆದರೂ ಮುಂದೆ ಇನ್ನೊಂದು ಸಂಗತಿಯುಂಟು. 2011ರಲ್ಲಿ ಜನರು ತಮ್ಮ ಮಾತೃಭಾಷೆಗೆ ಹೇಳಿದ ಹೆಸರುಗಳು 19,569. ಅವನ್ನು ಪರಿಶೀಲಿಸಿ 1,369 ಮಾತೃಭಾಷೆಗಳೆಂದು ನಿರ್ಧರಿಸಿ, ಕಡೆಗೆ 121 ಭಾಷೆಗಳ ಅಡಿಯಲ್ಲಿ ಕೂಡಿಸಿದರು. 1,474 ಹೆಸರುಗಳು ಎಲ್ಲಿಯೂ ಸೇರದೆ ಉಳಿದುವು. ಮೇಲೆ ಹೇಳಿದ ಕನ್ನಡದ ಮೊತ್ತದೊಳಗೇ ನೀಲಗಿರಿಯ ಬಡಗ ಮಾತಿನವರು 1,33,550 ಮಂದಿ ಸೇರಿರುವರು. ಬಡಗವು ಬೇರೆ ಭಾಷೆಯೋ ಕನ್ನಡದ ಬಗೆಯೋ ಎಂಬುದು ಪಂಡಿತರು ಚರ್ಚಿಸುವ ವಿಷಯ. ತಖ್ತೆ ಚರ್ಚಿಸುವುದಿಲ್ಲ, ಒಂದು ಮೊತ್ತವನ್ನು ಕೊಟ್ಟು ಸುಮ್ಮನಾಗುವುದು. 1971ರ ಗಣತಿಯಿಂದೀಚೆಗೆ ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳ ಹೆಸರುಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವುದಿಲ್ಲ, ಅವೆಲ್ಲವೂ 'ಇತರ'. ಎಣಿಸುವುದಕ್ಕೆ ಮೊದಲು ವಿಂಗಡಿಸಬೇಕು. ವಿಂಗಡಿಸುವುದು ಗಣಿತವಲ್ಲ, ಮನುಷ್ಯನ ತೀರ್ಮಾನ.

ಎಲ್ಲೆಗಳೂ ಹಾಗೆಯೇ. ನನ್ನ ಅಜ್ಜಿ ಹುಟ್ಟಿದುದು ಮದರಾಸು ಪ್ರಾಂತದ ಮಧುರೆ ಜಿಲ್ಲೆಯಲ್ಲಿ, ತೀರಿಕೊಂಡುದು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ. ಅವಳು ಕಣಿವೆಯನ್ನು ಬಿಟ್ಟು ಎಲ್ಲಿಗೂ ಹೋದವಳಲ್ಲ. 1969ರಲ್ಲಿ ರಾಜ್ಯದ ಹೆಸರು ಬದಲಾಯಿತು. 1985ರಲ್ಲಿ ದಿಂಡಿಗಲ್, 1996ರಲ್ಲಿ ತೇನಿ ಮಧುರೆಯಿಂದ ಬೇರೆಯಾದುವು. ಹಳೆಯ ಮಧುರೆ ಜಿಲ್ಲೆಯ ಕಾಪ್ಪಿಲಿಯರು, ಅನುಪ್ಪರು ಮೊದಲಾದ ಕನ್ನಡದವರ ಲೆಕ್ಕವನ್ನು ಇಂದಿನ ಲೆಕ್ಕದೊಡನೆ ಹೋಲಿಸಹೊರಟವನು ಮೊದಲು ಈ ಎಲ್ಲೆಗಳನ್ನು ನೆನಪಿಡಬೇಕು. ಇಲ್ಲವಾದರೆ ಜನರು ಕದಲದೆಯೇ ಕಡಿಮೆಯಾದಂತೆ ತೋರುವರು.

ಇದರಿಂದ ಯಾರಿಗೆ ಏನು ನಷ್ಟ? ಈ ಪತ್ರಿಕೆಯ ಓದುಗರಿಗೆ ಅದನ್ನು ನಾನು ವಿವರಿಸಬೇಕಾಗಿಲ್ಲ. 1949ರಲ್ಲಿ ಪ್ರಾಂತಗಳ ವಿದ್ಯಾಮಂತ್ರಿಗಳು ಸೇರಿ, ಶಾಲೆಯಲ್ಲಿ ಒಟ್ಟು 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪಾಠ ಹೇಳಲು ಉಪಾಧ್ಯಾಯರನ್ನು ಒದಗಿಸಬೇಕೆಂದು ಒಪ್ಪಿದರು. 1956ರಲ್ಲಿ ಸಂವಿಧಾನಕ್ಕೆ 350-ಎ ಎಂಬ ವಿಧಿ ಸೇರಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂಬುದು ರಾಜ್ಯಗಳ ಹೊಣೆಯಾಯಿತು. ಹತ್ತನೆಯ ಮಗು ಬಂದರೆ ಉಪಾಧ್ಯಾಯ. ಒಂಬತ್ತಕ್ಕೆ ನಿಂತರೆ ಇಲ್ಲ. ಆ ಒಂಬತ್ತು ಮಕ್ಕಳ ತಾಯಂದಿರ ಮಾತು ಒಂಬತ್ತಾಯಿತೆಂದು ಬೇರೆಯಾಗುವುದಿಲ್ಲ. ಆದರೆ ಆಡಳಿತಕ್ಕೆ ಎಲ್ಲಿಯಾದರೂ ಒಂದು ಗೆರೆಯನ್ನು ಎಳೆಯಲೇಬೇಕು. ಗೆರೆಯನ್ನು ಎಳೆಯಲು ಅಂಕಿ ಬೇಕೇ ಬೇಕು. ಆದುದರಿಂದ ಅಂಕಿಗಳು ಸುಳ್ಳೆಂದು ಕೈಕೊಡವಿಕೊಳ್ಳುವ ಸ್ವಾತಂತ್ರ್ಯ ನಮ್ಮಂತಹ ಅಲ್ಪಸಂಖ್ಯಾತರಿಗೆ ಇಲ್ಲ. ಸಂಖ್ಯೆಯನ್ನು ಬಲ್ಲವರಿಗಿಂತ ಅದರ ಎಲ್ಲೆಯನ್ನು ಬಲ್ಲವರು ಅದನ್ನು ಹೆಚ್ಚು ಎಚ್ಚರದಿಂದ ಬರೆಯುವರೆಂದು ನನ್ನ ನಮ್ರ ಅಭಿಪ್ರಾಯ.

2021ರಲ್ಲಿ ನಡೆಯಬೇಕಾಗಿದ್ದ ಗಣತಿ ಸಾಂಕ್ರಾಮಿಕದ ಕಾರಣದಿಂದ ಮುಂದೆ ಹೋಯಿತು. 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಂಡು ಗಣತಿ ನಡೆಯುವುದೆಂದು 2025ರಲ್ಲಿ ಸರಕಾರವು ಪ್ರಕಟಿಸಿತು. ಲೆಕ್ಕ ಬರೆಯುವ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ: ಹತ್ತನೆಯ ಪ್ರಶ್ನೆಯನ್ನು ಹಜಾರದಲ್ಲಿ ಮಾತ್ರ ಕೇಳಬೇಡಿ, ಅಡುಗೆಮನೆಯ ಬಾಗಿಲವರೆಗೂ ಹೋಗಿ ಕೇಳಿ. ಲೆಕ್ಕ ಬರೆಸುವ ಮಕ್ಕಳಲ್ಲಿ ಇನ್ನೊಂದು ಬಿನ್ನಹ: ಒಳಗೆ ಮಲಗಿರುವ ಅಜ್ಜಿಯನ್ನು ಎಬ್ಬಿಸಿ. ಅಪ್ಪ ಈಚೆಗೆ ಒಂದು ಸಂಜೆ ತಾವಾಗಿಯೇ, "ಈ ಸಲ ನನಗೆ ಕನ್ನಡ ಎಂದು ಬರೆಯಬಹುದಾ?" ಎಂದು ಕೇಳಿದರು. ಬರೆಯಬಹುದೆಂದೆನು. ಅಜ್ಜಿಯ ಹೆಸರಿನ ಎದುರಿಗೆ ನಾನು ಬರೆದುದನ್ನು ಮಾತ್ರ ಇನ್ನು ತಿದ್ದುವಂತಿಲ್ಲ.

ನಮ್ಮ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಆದರೂ ಬೆಳಗ್ಗೆ ತರಗತಿಗೆ ಹೋದೊಡನೆ ನಾನು ಹಾಜರಿ ಪುಸ್ತಕವನ್ನು ತೆರೆಯುವುದಿಲ್ಲ. ಬಾಗಿಲಲ್ಲಿ ಒಂದು ನಿಮಿಷ ನಿಂತು ಮಕ್ಕಳ ಮೇಲೆ ಕಣ್ಣಾಡಿಸಿ, ಯಾರು ಬಂದಿಲ್ಲವೆಂದು ನೋಡುವೆನು. ಎಷ್ಟು ಮಂದಿ ಬಂದರೆಂಬುದನ್ನು ಆಮೇಲೆ ಬರೆಯುವೆನು.